ಮೂವತ್ತೆರಡನೇ ಸೆಕೆಂಡು

ಮೊದಲ ದಿನವೇ ಅವಳು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ರೀ ಫೋನಿನವರೇ, ಹಳೇ ಫೋನು ಹದಿನೆಂಟು ವರ್ಷ ಒಂದು ದಿನವೂ ಕೈಕೊಡಲಿಲ್ಲ. ನಿಮ್ಮ ಹೊಸದು ಅರ್ಧ ಮಾತಿಗೇ ಬಾಯಿ ಮುಚ್ಚುತ್ತಲ್ಲ!"

ಅವನು ಅವಳ ಮೇಜಿನ ಕೆಳಗೆ ಮಂಡಿಯೂರಿ ಕೇಬಲ್ ಸಿಕ್ಕಿಸುತ್ತಿದ್ದ. ಅಲ್ಲಿಂದಲೇ ಹೇಳಿದ: "ಬೆಳಿಗ್ಗೆಯಿಂದ ಎಲ್ಲರೂ ಫೋನಲ್ಲೇ ಬೈತಿದ್ದಾರೆ ಮೇಡಂ. ಪುಣ್ಯಕ್ಕೆ ಅದೂ ಅರ್ಧಕ್ಕೇ ಕಟ್ಟಾಗ್ತಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಮೇಲೇಳುವಾಗ ತಲೆಗೆ ಏನೋ ಮೆತ್ತಗೆ ತಾಗಿತು. ಮೇಜಿನ ಚೂಪು ಮೂಲೆಯ ಮೇಲೆ ಅವಳು ಅಂಗೈ ಇಟ್ಟುಕೊಂಡಿದ್ದಳು. ಕಣ್ಣು ಮಾತ್ರ ಕಡತದ ಮೇಲಿತ್ತು, ಕೈಗೂ ತನಗೂ ಸಂಬಂಧವೇ ಇಲ್ಲವೆಂಬಂತೆ.

ಅದು ನಕ್ಷೆಗಳ ಕಚೇರಿ. ದೊಡ್ಡ ಕಟ್ಟಡದಲ್ಲಿ ಅಧಿಕಾರಿಗಳು. ಅಂಗಳ ದಾಟಿದರೆ ದಾಖಲೆ ಕೋಣೆ, ಅಲ್ಲಿ ಸುರುಳಿ ಸುತ್ತಿದ ನಕ್ಷೆಗಳು ಮತ್ತು ಅವಳು. ನಲವತ್ತೆರಡು ಹೊಸ ಫೋನು ಬಂದಿದ್ದವು. ಯಾರು ಯಾರಿಗೆ ಮಾಡಿದರೂ ಮೂವತ್ತೆರಡನೇ ಸೆಕೆಂಡಿಗೆ ಸರಿಯಾಗಿ ಲೈನು ಕಟ್ಟಾಗುತ್ತಿತ್ತು.

"ಯಾಕೆ ಹಾಗೆ?" ಎಂದು ಅವಳು ಕೇಳಿದ್ದಳು.

"ನೀವು ಫೋನ್ ಎತ್ತಿದ ಸುದ್ದಿ ಸಿಸ್ಟಮ್ಮಿಗೆ ತಲುಪ್ತಿಲ್ಲ. ಅದು ಅಷ್ಟು ಹೊತ್ತು ಕಾದು, ಆ ಕಡೆ ಯಾರೂ ಇಲ್ಲ ಅಂತ ತಾನೇ ಇಟ್ಟುಬಿಡುತ್ತೆ."

"ಪಾಪ," ಎಂದಳು.

ಪರೀಕ್ಷೆ ಮಾಡಲು ಇನ್ನೊಂದು ತುದಿಯಲ್ಲಿ ಯಾರಾದರೂ ಬಿಡದೆ ಮಾತಾಡಬೇಕಿತ್ತು. ಹೆಡ್ ಕ್ಲರ್ಕು, "ನಮ್ಮ ದಾಖಲೆ ಕೋಣೆಯವಳನ್ನೇ ಇಟ್ಕೊಳ್ಳಪ್ಪ ಫೋನಪ್ಪ. ಮಾತಲ್ಲಿ ಅವಳನ್ನ ಸೋಲಿಸೋರು ಈ ಕಚೇರೀಲಿ ಹುಟ್ಟಿಲ್ಲ," ಎಂದುಬಿಟ್ಟರು.

ಹಾಗೆ ಮೂರು ದಿನ ಇಬ್ಬರೂ ಮೂವತ್ತೆರಡು ಸೆಕೆಂಡಿನ ತುಂಡುಗಳಲ್ಲಿ ಮಾತಾಡಿದರು. ಅವನು ಸರ್ವರ್ ರೂಮಿನಲ್ಲಿ, ಅವಳು ನಕ್ಷೆಗಳ ನಡುವೆ. ಅವನ ಅಕ್ಕನ ಜೋರು, ಅವಳ ಚಿಕ್ಕಂದಿನ ಸೈಕಲ್ಲು, ಊರಿಂದೂರಿಗೆ ಅಲೆದು ಅವನು ಉಂಡ ಲಾಡ್ಜಿನ ಊಟ. ಲೈನು ಕಟ್ಟಾದರೆ ಮುಂದಿನ ಕರೆಯಲ್ಲಿ ಅವಳು ಹಲೋ ಕೂಡ ಅನ್ನದೆ, ನಿಂತ ಪದದಿಂದಲೇ ಮುಂದುವರಿಸುತ್ತಿದ್ದಳು.

ನಾಲ್ಕನೇ ದಿನ ದೋಷ ಸಿಕ್ಕಿತು. ಮುಖ್ಯ ರೂಟರಿನಲ್ಲಿ ಒಂದು ಸೆಟ್ಟಿಂಗು ಆ ಸುದ್ದಿಯನ್ನು ದಾರಿ ತಪ್ಪಿಸುತ್ತಿತ್ತು. ಅದನ್ನು ಆಫ್ ಮಾಡಿದ. ದೊಡ್ಡ ಸಾಹೇಬರು ಹನ್ನೆರಡು ನಿಮಿಷ ಮಾತಾಡಿದರು, ಲೈನು ಅಲುಗಲಿಲ್ಲ.

ಅದೇ ಮಧ್ಯಾಹ್ನ ಕಂಪನಿಯಿಂದ ಮೆಸೇಜು: ಈ ಊರಿಗೆ ಕಾಯಂ ಒಬ್ಬರು ಬೇಕು, ಇರುತ್ತೀಯಾ? ಐದು ಗಂಟೆಯೊಳಗೆ ಹೇಳು. ಇಲ್ಲವಾದರೆ ರಾತ್ರಿಯ ಬಸ್ಸಿಗೆ ಮುಂದಿನ ಊರು.

ಅವನು ಅವಳಿಗೆ ಫೋನ್ ಮಾಡಿದ. ಮೊದಲು ಹವಾಮಾನ. ಆಮೇಲೆ ಸಾಹೇಬರ ಹನ್ನೆರಡು ನಿಮಿಷ. ಕೊನೆಗೆ ಒಂದೇ ಉಸಿರಿನಲ್ಲಿ, "ನಂಗೆ ಈ ಊರಲ್ಲೇ ಕೆಲಸ ಕೊಡ್ತಾರಂತೆ. ನೀವು ಇರಿ ಅಂದ್ರೆ ಇರ್ತೀನಿ. ಫೋನ್ ರಿಪೇರಿಗೆ ಅಲ್ಲ... ನಿಮಗೋಸ್ಕರ."

ಅತ್ತ ಒಂದು ಉಸಿರು ಕೇಳಿಸಿತು. ಆಮೇಲೆ ಲೈನು ಸತ್ತಿತು.

ಫೋನುಗಳೆಲ್ಲ ಈಗ ಸರಿಯಿದ್ದವು. ತಾನೇ ಸರಿ ಮಾಡಿದ್ದ. ಅಂದಮೇಲೆ ಅವಳೇ ಇಟ್ಟಳು. ಇನ್ನೊಮ್ಮೆ ಮಾಡಿದರೆ ಬಲವಂತ ಮಾಡಿದಂತಾಗುತ್ತದೆ ಎಂದುಕೊಂಡ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಕಂಪನಿಗೆ "ಬೇಡ ಸರ್" ಎಂದು ಟೈಪ್ ಮಾಡಿದ. ಕಳಿಸಲು ಮಾತ್ರ ಬೆರಳು ಬರಲಿಲ್ಲ.

ನಾಲ್ಕೂವರೆ ಹೊತ್ತಿಗೆ ಹೆಡ್ ಕ್ಲರ್ಕು ಪರೀಕ್ಷಾ ಪಟ್ಟಿ ಹಿಡಿದು ಬಂದರು. ಪ್ರತಿ ಫೋನಿಗೂ ಒಂದು ಸಾಲು, ಸರಿಯಿದ್ದರೆ ಟಿಕ್ಕು, ಪಕ್ಕದಲ್ಲಿ ಸಹಿ.

"ನಲವತ್ತೊಂದು ಪಾಸು ಕಣಯ್ಯಾ. ಒಬ್ಬಳು ನಿನ್ನನ್ನ ಫೇಲ್ ಮಾಡಿದಾಳೆ. ಅದೇನು ಬರೆದಿದಾಳೋ, ನನಗಂತೂ ತಲೆಬುಡ ಅರ್ಥವಾಗಲಿಲ್ಲ."

ಕೊನೆಯ ಸಾಲಿನಲ್ಲಿ ಗುಂಡು ಗುಂಡಾದ ಅಕ್ಷರ: "ಕರೆ ಮಾಡಿದವರು ಒಂದು ಪ್ರಶ್ನೆ ಕೇಳಿದರು. ಉತ್ತರ ಹೇಳುತ್ತಿರುವಾಗ ಲೈನು ಕಟ್ಟಾಯಿತು. ಮತ್ತೆ ಕರೆ ಬರಲಿಲ್ಲ. ಉತ್ತರ ಇನ್ನೂ ಇಲ್ಲೇ ಇದೆ."

ಅವನು ಎರಡು ಸಲ ಓದಿದ. ದಾಖಲೆ ಕೋಣೆಗೆ ಬೇರೆಯದೇ ಹಳೇ ರೂಟರ್ ಇತ್ತು, ಬೀರುವಿನ ಮೇಲೆ, ನಕ್ಷೆಗಳ ಹಿಂದೆ. ಮೊದಲ ದಿನವೇ ನೋಡಿದ್ದ, ಅದರ ಸೆಟ್ಟಿಂಗು ಬದಲಿಸುವುದನ್ನು ಮರೆತೇಬಿಟ್ಟಿದ್ದ. ತನ್ನ ತಪ್ಪೊಂದಕ್ಕೆ ಅವನು ಜನ್ಮದಲ್ಲಿ ಇಷ್ಟು ಸಂತೋಷಪಟ್ಟಿರಲಿಲ್ಲ.

"ಫೇಲಾದವನು ಹೀಗೆ ಹಲ್ಲು ಕಿರಿಯೋದನ್ನ ಇವತ್ತೇ ನೋಡಿದ್ದು!" ಎಂದು ಹೆಡ್ ಕ್ಲರ್ಕು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಅವನು ಪಟ್ಟಿ ಹಿಡಿದೇ ದಾಖಲೆ ಕೋಣೆಗೆ ಓಡಿ, ಅದನ್ನು ಅವಳ ಮೇಜಿನ ಮೇಲಿಟ್ಟ. ಅವಳು ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಏನು ಉತ್ತರ?" ಎಂದ, ಏದುಸಿರು ಬಿಡುತ್ತಾ.

"ಫೋನಲ್ಲಿ ಕೇಳಿದ್ದಕ್ಕೆ ಫೋನಲ್ಲೇ ಹೇಳೋದು. ಮೊದಲು ಅದನ್ನ ಸರಿ ಮಾಡಿ."

"ಐದಕ್ಕೆ ಇನ್ನು ಅರ್ಧ ಗಂಟೆ ಇದೆ ಅಷ್ಟೇ ರೀ!"

"ಹಾಗಾದ್ರೆ ಏಣಿ ತನ್ನಿ. ನಿಂತಿದೀರಲ್ಲ."

ಅವನು ಏಣಿ ಹತ್ತಿದ, ಅವಳು ಕೆಳಗೆ ನಕ್ಷೆಯ ಸುರುಳಿಗಳನ್ನು ಒಂದೊಂದಾಗಿ ಇಸಿದುಕೊಂಡಳು. ಸೆಟ್ಟಿಂಗು ಬದಲಾಯಿಸಿ ಅಂಗಳ ದಾಟಿ ಓಡಿದ. ಡಯಲ್ ಮಾಡಿದಾಗ ಐದಕ್ಕೆ ಏಳು ನಿಮಿಷ.

"ಇರಿ ಅಂದಿದ್ದೆ," ಎಂದಿತು ಅವಳ ದನಿ. "ಅದನ್ನ ಹೇಳೋಕೇ ಒಂದು ನಿಮಿಷ ಬೇಕಾಯ್ತು. ಲೈನು ಹೋಗಿದ್ದು ಗೊತ್ತಾಗದೆ ಹೇಳ್ತಾ ಹೇಳ್ತಾ ಅಮ್ಮನ ವಿಷಯಕ್ಕೆ ಬಂದೆ. ಅಮ್ಮ ಯಾವತ್ತೂ ನನ್ನ ಜೊತೇನೇ ಇರ್ತಾಳೆ. ಅದು ಆಗಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ. ನಿಮ್ಮ ದನಿಯೇ ಕೇಳದಾಗ ಮೊದಲು ಇದಕ್ಕೇ ಹಿಂದೆ ಸರಿದ್ರಿ ಅಂದ್ಕೊಂಡೆ."

"ನಾನು ಅವರ ಜೊತೆ ಇರಬಹುದಾ ಅಂತ ಅವರನ್ನ ಕೇಳಬೇಕಾಗಿರೋದು."

"ನೀವೇ ಬಂದು ಕೇಳಿ. ಭಾನುವಾರ. ಹಸ್ಕೊಂಡು ಬನ್ನಿ, ಕಡಿಮೆ ತಿನ್ನೋರನ್ನ ಕಂಡ್ರೆ ಅವಳಿಗಾಗಲ್ಲ." ಅಷ್ಟರಲ್ಲಿ ಮತ್ತೆ, "ಅದೇನದು ಟಕಟಕ ಸದ್ದು?"

"ಕಂಪನಿಗೆ ಬರೀತಿದೀನಿ. 'ಇರುತ್ತೇನೆ ಸರ್' ಅಂತ."

ಅತ್ತ ಕಾಗದದ ಮೇಲೆ ಪೆನ್ನು ಓಡಿದ ಸದ್ದು ಕೇಳಿಸಿತು.

"ಸಹಿ ಹಾಕಿದೆ. ಪರೀಕ್ಷೆ ಮುಗೀತು," ಎಂದಳು.

"ಹಾಗಾದ್ರೆ ಇಡ್ಲಾ?"

"ಇಡಿ," ಎಂದಳು. ಆದರೆ ಇಬ್ಬರೂ ಇಡಲಿಲ್ಲ.