ಮೇಷ್ಟ್ರ ಕಾರಿನ ಬಾನೆಟ್ ಎದ್ದದ್ದು ಹೇಗೆ?

ಮೊದಲ ಸಲ ರಸ್ತೆಗಿಳಿದ ಮೇಷ್ಟ್ರ ಕಾರಿನ ಬಾನೆಟ್ ಧಡಾರನೆ ಎದ್ದು ಮುಂದಿನ ಗಾಜನ್ನು ಪುಡಿಗಟ್ಟಿದ್ದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯ ಹಣೆ ಒಡೆಯಿತು. ಹತ್ತು ಗಂಟೆಯೊಳಗೆ ತಪ್ಪು ಯಾರದೆಂದು ಬೀದಿಯಲ್ಲೆಲ್ಲ ತೀರ್ಮಾನವೂ ಆಗಿಹೋಗಿತ್ತು. ಡಿಪೋ ಅಕ್ಕನಿಗೆ ಸಿಟ್ಟು ನೆತ್ತಿಗೇರಿದ್ದು ಈ ತೀರ್ಮಾನ ಕೇಳಿ.

ಡಿಪೋ ಅಕ್ಕ ಅಂದರೆ ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಗಾಡಿಗಳ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸು. ಅವಳ ಸಹಿ ಇಲ್ಲದೆ ಒಂದು ಬಸ್ಸೂ ಗೇಟು ದಾಟುತ್ತಿರಲಿಲ್ಲ. ಈಗ ಅವಳಿಗೆ ಉಳಿದಿರುವುದು ಸೊಂಟನೋವು, ಒಂದು ಬೆಕ್ಕು, ಬೇಕಾದಷ್ಟು ಬಿಡುವು. ಆ ಮಧ್ಯಾಹ್ನ ಅವಳ ಮುಂದೆ ಬೀಗ ರಿಪೇರಿಯ ಹುಡುಗಿ ಕೂತಿದ್ದಳು. ಅಳುತ್ತಿರಲಿಲ್ಲ. ಕೆಂಡದ ಹಾಗಿದ್ದಳು.

“ಹಾಸ್ಟೆಲ್‌ನ ಎಂಬತ್ತು ಬಾಗಿಲಿನ ಬೀಗ ನಂಗೆ ಒಪ್ಪಿಸಿದ್ರು ಅಕ್ಕಾ. ಈಗ ವಾರ್ಡನ್ ಮೇಡಂ ಬೇಡ ಅಂತಿದಾರೆ. ಬಾನೆಟ್‌ಗೆ ಎರಡು ಕೊಂಡಿ ನೆಟ್ಟಗೆ ಕೂರ್ಸಕ್ಕೆ ಬರದವಳ ಕೈಗೆ ಹೆಣ್ಮಕ್ಕಳ ಬಾಗಿಲು ಹೇಗೆ ಕೊಡ್ಲಿ ಅಂತಾರೆ.”

“ಅವರಿಗೆ ಹೇಳಿದ್ಯಾರು?”

“ಇನ್ಯಾರು? ಮೇಷ್ಟ್ರು! ಹೆಂಡ್ತಿ ಹಣೆಗೆ ಹೊಲಿಗೆ ಹಾಕ್ಸೋಕೆ ಮುಂಚೆನೇ ಫೋನ್ ಮಾಡಿದ್ರಂತೆ!”

ಡಿಪೋ ಅಕ್ಕ ಟೀ ಲೋಟ ಕುಕ್ಕಿದಳು. ಬೆಕ್ಕು ಎದ್ದು ಓಡಿತು.

“ಬುಧವಾರ ಕೊಂಡಿ ಕೂರಿಸಿದ್ಯಲ್ಲ, ಎಳೆದು ನೋಡಿದ್ಯಾ?”

“ಎಳೆದೆ, ಜಗ್ಗಿದೆ. ಅವರ ಭಾವಮೈದುನನ್ನ ಕರೆದು ಎತ್ತಿ ಅಂದೆ. ಕಾರಿನ ಮೂತಿನೇ ಮೇಲೆದ್ದಿತು, ಬಾನೆಟ್ ಅಲುಗಲಿಲ್ಲ.”

“ಎದ್ದೇಳು. ನಡಿ ನನ್ನ ಜೊತೆ.”

ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ಏಳು ವರ್ಷದ ಹಿಂದೆ ಪೆಟ್ಟಿಗೆಗಟ್ಟಲೆ ಬಿಡಿಭಾಗ ತರಿಸಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರು ಕಟ್ಟಲು ಕೂತರು. ಎಂಜಿನ್ ಕೂರಿಸಿದರು, ವೈರು ಎಳೆದರು, ಸೀಟಿಗೆ ಬಟ್ಟೆಯನ್ನೂ ಹೊಲಿದರು. ಅವರ ಕೈಗೆ ಬಗ್ಗದೆ ಉಳಿದದ್ದು ಬಾನೆಟ್ ಒಂದೇ. ಮೂರು ಸಲ ಕೊಂಡಿ ಹಾಕಿದರು, ಮೂರು ಸಲವೂ ಅದು ಬಾಯಿ ತೆರೆಯಿತು. ಕೊನೆಗೆ ಬೀಗದ ಹುಡುಗಿಯನ್ನು ಕರೆಸಿದ್ದರು.

ಇಬ್ಬರೂ ಶೆಡ್ಡಿಗೆ ಕಾಲಿಟ್ಟಾಗ ಮೇಷ್ಟ್ರ ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

“ಏನೂ ಒರೆಸ್ಬೇಡಿ ಮೇಷ್ಟ್ರೇ.”

“ನನ್ನ ಕಾರು, ನಾನು ಒರೆಸ್ತೀನಿ! ಮತ್ತೆ ಇವಳನ್ನ ಯಾಕೆ ಕರ್ಕೊಂಡು ಬಂದ್ರಿ? ನನ್ನ ಹೆಂಡ್ತಿ ಪ್ರಾಣ ಹೋಗ್ತಿತ್ತು!”

“ಹೋಗ್ತಿತ್ತು. ಅದಕ್ಕೇ ಬಂದಿದ್ದು.”

ಹಣೆಗೆ ಪಟ್ಟಿ ಕಟ್ಟಿಕೊಂಡ ಹೆಂಡತಿ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. ಅವರ ತಮ್ಮ ಗೋಡೆಗೊರಗಿ ಹಲ್ಲುಕಡ್ಡಿ ಕಚ್ಚುತ್ತಿದ್ದ.

“ಏಳು ವರ್ಷದ ಬಸಿರು ಅಕ್ಕಾ ಇದು,” ಎಂದ ಅವನು. “ಹೆರಿಗೆ ದಿನವೇ ಹೀಗಾಯ್ತು.”

“ನಿನ್ನ ನಾಲಿಗೆ ಆಮೇಲೆ ಉದ್ದ ಮಾಡು. ನೀನು ಈ ಕಾರು ಮುಟ್ಟಿದ್ದು ಯಾವಾಗ?”

“ಗುರುವಾರ. ಮಧ್ಯಾಹ್ನದಿಂದ ಪಾಲಿಶ್ ಉಜ್ಜಿದೆ. ಸಂಜೆ ಆಗ್ತಿದ್ದ ಹಾಗೆ ಭಾವ ನನ್ನನ್ನ ಆಚೆ ಅಟ್ಟಿ ಬೀಗ ಹಾಕಿದ್ರು. ಅಂಚಿನಲ್ಲಿರೋ ಪುಡಿನೂ ಒರೆಸೋಕೆ ಬಿಡಲಿಲ್ಲ.”

“ಕೊಂಡಿ ಬಿಚ್ಚಿದ್ಯಾ?”

“ನಾನ್ಯಾಕೆ ಬಿಚ್ಚಲಿ? ಸುತ್ತ ಉಜ್ಜಿದೆ, ಅಷ್ಟೇ.”

“ಆಮೇಲೆ ಯಾರು ಮುಟ್ಟಿದ್ರು ಮೇಷ್ಟ್ರೇ?”

“ಯಾರೂ ಇಲ್ಲ!” ಮೇಷ್ಟ್ರು ಎದೆ ತಟ್ಟಿಕೊಂಡರು. “ಕೀಲಿಕೈ ನನ್ನ ಜೇಬು ಬಿಟ್ಟು ಆಚೆ ಹೋಗಿಲ್ಲ. ಇವತ್ತು ಬೆಳಿಗ್ಗೆಯೇ ತೆಗೆದದ್ದು. ಅಂದ್ಮೇಲೆ ತಪ್ಪು ಯಾರದು? ಕೂರ್ಸಿದವಳದ್ದು! ಲೆಕ್ಕ ಸರಳವಾಗಿದೆ.”

ಡಿಪೋ ಅಕ್ಕ ಸೊಂಟ ಹಿಡಿದುಕೊಂಡು ಕಾರಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೊಂಡಿಗಳೆಂದರೆ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಪಟ್ಟಿ. ಪಟ್ಟಿಯ ಮೇಲೆ ಕೊಕ್ಕೆ. ಎರಡೂ ಮುರಿದಿರಲಿಲ್ಲ, ಸ್ಕ್ರೂಗಳೂ ಬಿಗಿಯಾಗಿದ್ದವು. ಪ್ರತಿ ಪಟ್ಟಿಯ ಒಂದು ಬದಿಗೆ ಹೆಬ್ಬೆರಳಗಲದ ಕಿವಿ ಚಾಚಿತ್ತು.

“ಈ ಕಿವಿ ಯಾವ ಕಡೆ ಇರಬೇಕು?”

ಬೀಗದ ಹುಡುಗಿ ಬಗ್ಗಿ ನೋಡಿದಳು. ಮುಖ ಬಿಳಚಿಕೊಂಡಿತು.

“ಹೊರಕ್ಕೆ... ಎಡದ್ದು ಬೇರೆ, ಬಲದ್ದು ಬೇರೆ ಅಕ್ಕಾ. ಚಪ್ಪಲಿ ಇದ್ದ ಹಾಗೆ. ಅದಲುಬದಲು ಹಾಕಿದ್ರೆ ಟಕ್ ಅಂತ ಸದ್ದೇನೋ ಬರುತ್ತೆ, ಕೊಕ್ಕೆ ಮಾತ್ರ ಅರ್ಧವೇ ಹಿಡಿಯೋದು. ಗಾಡಿ ಓಡಿದ್ರೆ ಗಾಳಿ ಎತ್ತಿಬಿಡುತ್ತೆ.”

“ಈಗ ಕಿವಿ ಎಲ್ಲಿದೆ?”

“...ಒಳಕ್ಕೆ.”

“ನೋಡಿದ್ರಾ! ನೋಡಿದ್ರಾ!” ಮೇಷ್ಟ್ರು ಕುಣಿದರು. “ಅವಳ ಬಾಯಿಂದಲೇ ಬಂತು! ಅದಲುಬದಲು ಹಾಕಿ ಹೋಗಿದ್ದಾಳೆ!”

ಒಂದು ಕ್ಷಣ ಡಿಪೋ ಅಕ್ಕನಿಗೂ ಅನುಮಾನ ಬಂತು. ಹುಡುಗಿ ತಲೆ ತಗ್ಗಿಸಲಿಲ್ಲ. “ನಾನು ಹೊರಕ್ಕೇ ಹಾಕಿದ್ದು,” ಎಂದಳು. ಮತ್ತೆ, ಇನ್ನೂ ಗಟ್ಟಿಯಾಗಿ, “ಹೊರಕ್ಕೇ.”

ಡಿಪೋ ಅಕ್ಕ ಕನ್ನಡಕ ಹಾಕಿಕೊಂಡು ಪಟ್ಟಿಗೆ ಮೂಗು ತಾಗುವಷ್ಟು ಬಗ್ಗಿದಳು. ಅಲ್ಲೇ ಇದ್ದಳು. ಬಹಳ ಹೊತ್ತು.

“ಲೇ ತಮ್ಮ, ಇಲ್ಲಿ ಬಾ. ಪಾಲಿಶ್ ಒಣಗಿದ್ರೆ ಹೇಗಿರುತ್ತೆ?”

“ಸುಣ್ಣದ ಪುಡಿ ಹಾಗೆ. ಸಂದಿಗಳಲ್ಲೆಲ್ಲ ಅಂಟಿರುತ್ತೆ.”

“ಇದೇನು ಹಾಗಾದ್ರೆ?”

ಪಟ್ಟಿಯ ಹೊರಬದಿಯಲ್ಲಿ, ಈಗ ಏನೂ ಇಲ್ಲದ ಬರೀ ಬಣ್ಣದ ಮೇಲೆ, ಕೂದಲೆಳೆಯಂಥ ಬಿಳಿ ಗೆರೆಯಿತ್ತು. ಅದು ನೇರವಾಗಿ ಹೋಗಿ, ಹೊರಕ್ಕೆ ಬಾಗಿ, ಹೆಬ್ಬೆರಳಗಲ ಸುತ್ತಿ ವಾಪಸು ಬಂದಿತ್ತು. ಥೇಟು ಕಿವಿಯ ಆಕಾರ.

ಭಾವಮೈದುನನ ಬಾಯಿಂದ ಹಲ್ಲುಕಡ್ಡಿ ಬಿತ್ತು. “ನಾನು ಉಜ್ಜೋವಾಗ ಕಿವಿ ಇಲ್ಲಿತ್ತು!”

“ಬಲಗಡೆಯೂ ಹಾಗೇ ಇದೆ, ನೋಡು.” ಡಿಪೋ ಅಕ್ಕ ಕಾರಿನ ದೀಪಕ್ಕೆ ಕೈಯೂರಿ ಎದ್ದಳು. “ಗುರುವಾರ ಸಂಜೆ ತನಕ ಎರಡು ಕಿವಿಯೂ ಹೊರಕ್ಕೇ ಇದ್ದವು. ಈ ಹುಡುಗಿ ಸರಿಯಾಗೇ ಕೂರಿಸಿದ್ದಳು. ಪಾಲಿಶ್ ಒಣಗಿದ ಮೇಲೆ ಯಾರೋ ಎರಡನ್ನೂ ಬಿಚ್ಚಿ ಮತ್ತೆ ಹಾಕಿದ್ದಾರೆ. ಆಗ ಅದಲುಬದಲಾಗಿದೆ. ಶೆಡ್ಡಿಗೆ ಬೀಗ ಇತ್ತು. ಕೀಲಿಕೈ ಜೇಬು ಬಿಟ್ಟು ಹೋಗಿಲ್ಲ ಅಂತ ಈಗಷ್ಟೇ ಎದೆ ತಟ್ಟಿಕೊಂಡವರು ಯಾರು ಮೇಷ್ಟ್ರೇ? ಹೌದು, ಲೆಕ್ಕ ಸರಳವಾಗಿದೆ!”

ಮೇಷ್ಟ್ರು ಕೈಯಲ್ಲಿದ್ದ ಒದ್ದೆ ಬಟ್ಟೆ ಮಡಚತೊಡಗಿದರು.

“ನನ್ನ ಕೊಂಡಿ ನಾನು ಯಾಕೆ ಬಿಚ್ಚಲಿ?” ಮೇಷ್ಟ್ರ ದನಿ ಕುಸಿದಿತ್ತು.

“ಶುಕ್ರವಾರ ಬೆಳಿಗ್ಗೆ ಮೂರು ಸಲ ತಿಂಡಿಗೆ ಕರೆದೆ,” ಎಂದರು ಹೆಂಡತಿ, ಕುರ್ಚಿಯಿಂದಲೇ. “ಗ್ರೀಸು ಕೈಯಲ್ಲಿ ಬಂದ್ರಿ. ಬಂದವರೇ ಏನಂದ್ರಿ? ‘ಈಗ ಒಂದೊಂದು ನಟ್ಟೂ ನಾನೇ ಬಿಗಿದ ಹಾಗಾಯ್ತು’ ಅಂದ್ರಿ. ನಂಗೆ ಅರ್ಥ ಆಗಿರಲಿಲ್ಲ.”

ಡಿಪೋ ಅಕ್ಕನಿಗೆ ಅರ್ಥವಾಯಿತು. ಇಡೀ ಕಾರಿನಲ್ಲಿ ಬೇರೊಬ್ಬರು ಬಿಗಿದದ್ದು ಕೊಂಡಿಗಳ ಆ ನಾಲ್ಕು ಸ್ಕ್ರೂಗಳನ್ನು ಮಾತ್ರ. ಅಷ್ಟನ್ನೂ ಇವರು ಸಹಿಸಲಾರದೆ ಹೋಗಿದ್ದರು. ಬಿಚ್ಚಿ, ತಮ್ಮ ಕೈಯಿಂದಲೇ ಬಿಗಿದು, ಪೂರಾ ಕಾರು ತಮ್ಮದೇ ಎಂದು ಹೇಳಿಕೊಳ್ಳುವ ಹಕ್ಕು ಸಂಪಾದಿಸಿಕೊಂಡಿದ್ದರು.

“ಎಡ-ಬಲ ಉಂಟು ಅಂತ ನಂಗೇನು ಗೊತ್ತು?” ಎಂದರು ಮೇಷ್ಟ್ರು ನೆಲ ನೋಡುತ್ತ.

“ಗೊತ್ತಿಲ್ಲದ್ದು ತಪ್ಪಲ್ಲ! ಡಿಪೋದಲ್ಲಿ ಇಂಥ ತಪ್ಪು ದಿನಕ್ಕೆ ಹತ್ತು ನೋಡಿದೀನಿ. ಆದ್ರೆ ಬಿಚ್ಚಿದ್ದು ನೀವೇ ಅಂತ ಗೊತ್ತಿತ್ತಲ್ಲ? ಗೊತ್ತಿದ್ದೂ ಆಸ್ಪತ್ರೆಯಿಂದ ವಾರ್ಡನ್‌ಗೆ ಫೋನ್ ಮಾಡಿದ್ರಲ್ಲ?”

ಹೆಂಡತಿ ಎದ್ದು ನಿಂತರು.

“ನಾಲ್ಕು ಹೊಲಿಗೆರೀ. ಒಂದೊಂದು ಹೊಲಿಗೆಗೂ ಈ ಹುಡುಗಿಗೆ ಶಾಪ ಹಾಕ್ಸಿದ್ರಲ್ಲ ನನ್ನ ಬಾಯಲ್ಲಿ! ತೆಗೀರಿ ಫೋನು. ಎಲ್ಲರಿಗೂ ಕೇಳೋ ಹಾಗೆ ಮಾತಾಡಿ.”

ಮೇಷ್ಟ್ರು ಫೋನು ತೆಗೆದರು. ಸ್ಪೀಕರಿನಲ್ಲಿ ವಾರ್ಡನ್ ದನಿ ಗಡುಸಾಗಿ ಬಂತು.

“ಮೇಡಂ, ಬೆಳಿಗ್ಗೆ ಹೇಳಿದ್ದರಲ್ಲಿ ಒಂದು ಸಣ್ಣ... ಆ ಕೊಂಡಿಗಳು ಅದಲುಬದಲಾಗಿದ್ದವು.”

“ಅದನ್ನೇ ತಾನೇ ಹೇಳಿದ್ದು ನೀವು? ಮಾಡಿದ್ದು ಅವಳೇ ಅಂತ?”

ಮೇಷ್ಟ್ರು ಸುತ್ತ ನೋಡಿದರು. ಯಾರೂ ಕೈಹಿಡಿಯಲಿಲ್ಲ.

“ಇಲ್ಲ. ನಾನು. ಅವಳು ಸರಿಯಾಗಿ ಕೂರಿಸಿದ್ದನ್ನ ಬಿಚ್ಚಿ ಕೆಡಿಸಿದ್ದು ನಾನು.”

ಆ ಕಡೆಯಿಂದ ವಾರ್ಡನ್, “ಆ ಹುಡುಗಿ ಅಲ್ಲಿದ್ದಾಳಾ? ಫೋನ್ ಕೊಡಿ.”

ಬೀಗದ ಹುಡುಗಿ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಕೇಳಿಸಿಕೊಂಡಳು. “ಬರ್ತೀನಿ ಮೇಡಂ. ನಾಳೆ ಏಳು ಗಂಟೆಗೆ,” ಎಂದಳು. ಫೋನು ವಾಪಸು ಕೊಟ್ಟು ಹೊರಟಳು.

“ತಾಯೀ,” ಎಂದರು ಮೇಷ್ಟ್ರು ಹಿಂದಿನಿಂದ. “ಈ ಕೊಂಡಿ... ಮತ್ತೊಂದ್ಸಲ ಕೂರ್ಸಿ ಕೊಡ್ತೀಯಾ?”

ಹುಡುಗಿ ಬಾಗಿಲಲ್ಲಿ ತಿರುಗಿದಳು.

“ಎಂಬತ್ತು ಬಾಗಿಲು ಮುಗೀಲಿ, ನೋಡೋಣ ಮೇಷ್ಟ್ರೇ. ಅಲ್ಲೀತನಕ ಹಗ್ಗ ಕಟ್ಕೊಳ್ಳಿ. ಗಂಟು ನೀವೇ ಹಾಕಿ.”