ಪವರ್ ಬಟನ್ ಒತ್ತುವ ಮೊದಲು

"ಅದನ್ನ ಕೆಳಗಿಡಿ. ಅದನ್ನ ನಾನು ನಿಮಗೆ ಕೊಡಲ್ಲ."

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳು ಬೆಚ್ಚಿದಳು. ಕೈಯಲ್ಲಿದ್ದ ಪವರ್ ಸಪ್ಲೈ ಡಬ್ಬಿ ಇನ್ನೇನು ಜಾರಬೇಕು, ಅಷ್ಟರಲ್ಲಿ ಅವನು ಬಂದು ಹಿಡಿದುಕೊಂಡ.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಅದು. ಅವನು ಅಲ್ಲಿನ ರಿಪೇರಿಯವನು, ಮೂಲೆಯ ಮೇಜಿನಿಂದ ಎದ್ದು ಬಂದಿದ್ದ. ಮೂವತ್ತರ ಆಸುಪಾಸು, ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಸ್ಕ್ರೂಡ್ರೈವರ್.

"ಯಾಕೆ ಕೊಡಲ್ಲ? ಮಾರೋಕೆ ತಾನೇ ಇಟ್ಟಿರೋದು?"

"ವಾಪಸ್ ಕಳಿಸೋ ಮಾಲು, ತಪ್ಪಿ ಇಲ್ಲಿ ಬಂದಿದೆ. ಎತ್ತಿ ನೋಡಿದ್ರಲ್ಲ, ಎಷ್ಟು ಹಗುರ ಇದೆ? ಒಳಗೆ ಇರಬೇಕಾದ್ದೇ ಇಲ್ಲ." ಅವನು ಡಬ್ಬಿಯನ್ನು ಕೌಂಟರ್ ಕೆಳಗೆ ತಳ್ಳಿದ. "ಯಾರಿಗೆ ಕಂಪ್ಯೂಟರ್?"

"ನನಗೆ. ಜೋಡಿಸೋದೂ ನಾನೇ. ಮೊದಲ ಸಲ."

ಅವನು ನಗುತ್ತಾನೆ ಎಂದುಕೊಂಡಿದ್ದಳು. ನಗಲಿಲ್ಲ. ಒಂದು ಸ್ಟೂಲು ಎಳೆದು ಹಾಕಿದ. "ಕೂತ್ಕೊಳ್ಳಿ. ಏನು ಕೆಲಸ ಮಾಡ್ತೀರಾ ಹೇಳಿ. ಕೆಲಸ ಗೊತ್ತಾದ್ರೆ ಪಾರ್ಟ್ಸ್ ತಾನಾಗೇ ಗೊತ್ತಾಗುತ್ತೆ."

ಅವಳು ನರ್ಸಿಂಗ್ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವಳು. ಹೃದಯ, ಮೂಳೆ, ನರಗಳು. ಎಂಟು ತಿಂಗಳಿಂದ ಒಂದು ಗೆರೆಯನ್ನೂ ಎಳೆದಿಲ್ಲ ಎಂದೂ ಹೇಳಿದಳು.

ಯಾಕೆ ಎಂದು ಅವನು ಕೇಳಲಿಲ್ಲ.

ಆ ವಾರ ನಾಲ್ಕು ಸಲ ಹೋದಳು. ಪ್ರತಿ ಸಲವೂ ಅಂಗಡಿಯ ಮೆಟ್ಟಿಲ ಹತ್ತಿರ ಕಾಲು ತಡೆಯುತ್ತಿತ್ತು. ಒಳಗೆ ಎಲ್ಲಾದರೂ ಫ್ಯಾನ್ ಗುಂಯ್‌ಗುಟ್ಟಿದರೆ ಅಂಗೈ ಬೆವರುತ್ತಿತ್ತು. ಆದರೂ ಆ ಸ್ಟೂಲಿನ ಮೇಲೆ ಕೂತರೆ ಏನೋ ಧೈರ್ಯ...

"ಪ್ರೊಸೆಸರ್‌ಗೂ ಮದರ್‌ಬೋರ್ಡ್‌ಗೂ ಜಾತಕ ಕೂಡಬೇಕು," ಎನ್ನುತ್ತಿದ್ದ ಅವನು. "ಇಲ್ಲದಿದ್ರೆ ಎರಡೂ ಒಳ್ಳೆಯವೇ, ಸಂಸಾರ ಮಾತ್ರ ಆಗಲ್ಲ."

ಅವಳಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತು ಎಂದು ಅವಳಿಗೇ ಆಶ್ಚರ್ಯವಾಯಿತು.

"ದೊಡ್ಡ ಗ್ರಾಫಿಕ್ಸ್ ಕಾರ್ಡ್ ನಿಮಗೆ ಬೇಡ. ನೀವೇನು ಗೇಮ್ ಆಡ್ತೀರಾ? ರ‍್ಯಾಮ್ ಜಾಸ್ತಿ ಹಾಕಿಸಿ, ನಿಮ್ಮ ಚಿತ್ರಗಳು ಭಾರ ಇರ್ತಾವೆ. ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ತಗೊಳ್ಳಿ. ಎಲ್ಲಕ್ಕೂ ಕರೆಂಟ್ ಹಂಚೋದು ಅದೇ, ಅದೊಂದರಲ್ಲಿ ಚೌಕಾಸಿ ಬೇಡ."

ನಾಲ್ಕನೆಯ ದಿನ ಎಲ್ಲವನ್ನೂ ಕೂರಿಸುವ ಪೆಟ್ಟಿಗೆ, ಕ್ಯಾಬಿನೆಟ್, ಆರಿಸುವಾಗ ಅವನು ಮೆಲ್ಲಗೆ ಕೇಳಿದ. "ಒಂದು ಮಾತು ಕೇಳ್ಲಾ? ಇಷ್ಟೊಂದು ಭಯ ಇಟ್ಕೊಂಡು ಯಾಕೆ ನೀವೇ ಜೋಡಿಸ್ತೀನಿ ಅಂತೀರಾ? ಜೋಡಿಸಿರೋದೇ ಸಿಗುತ್ತಲ್ಲ."

"ಒಳಗೆ ಏನಿದೆ ಅಂತ ಗೊತ್ತಾಗಬೇಕು ನನಗೆ. ಗೊತ್ತಿಲ್ಲದ ಡಬ್ಬಿ ಪಕ್ಕ ಇನ್ನು ಕೂರೋಕಾಗಲ್ಲ."

ಅವಳು ಕುರ್ತಾದ ಎಡತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಮನೆಯವರ ಹೊರತು ಯಾರಿಗೂ ತೋರಿಸಿರಲಿಲ್ಲ.

"ಪ್ರಕಾಶನದ ಆಫೀಸಲ್ಲಿ, ಮೇಜಿನ ಕೆಳಗಿದ್ದ ಕಂಪ್ಯೂಟರ್ ಢಬ್ ಅಂತು. ಬೆಂಕಿ. ನಾನೇ ಏನೋ ವೈರ್ ಎಳೆದಿರಬೇಕು ಅಂದ್ರು ಎಲ್ಲರೂ. ಇರಬಹುದೇನೋ... ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು."

"ಯಾವ ಪ್ರಕಾಶನ?"

ಹೇಳಿದಳು.

ಅವನ ಮುಖ ಬಿಳುಚಿಕೊಂಡಿತು. ಕಣ್ಣು ಆ ಕಲೆಯ ಮೇಲೆ ಒಂದು ಕ್ಷಣ ನಿಂತು, ಚುರುಕು ಮುಟ್ಟಿದಂತೆ ಬೇರೆ ಕಡೆ ಹೊರಳಿತು. "ಒಂದ್ನಿಮಿಷ," ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಕಾದು ಕಾದು ಸಾಕಾದ ಮೇಲೆ ಅಂಗಡಿಯ ಮಾಲೀಕರು ಬಂದು ಉಳಿದ ಸಾಮಾನು ಕಟ್ಟಿಕೊಟ್ಟರು.

ನನ್ನ ಕೈ ನೋಡಿ ಅಸಹ್ಯ ಆಗಿರಬೇಕು ಆ ರಿಪೇರಿಯವರಿಗೆ. ಯಾಕಾದರೂ ತೋರಿಸಿದೆನೋ...

ಅಣ್ಣ-ಅತ್ತಿಗೆಯ ಜೊತೆಗಿದ್ದ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಊಟದ ಮೇಜಿನ ಮೇಲೆ ಡಬ್ಬಿಗಳನ್ನೆಲ್ಲ ಹರಡಿದಳು. ಹಟವೋ, ಸಿಟ್ಟೋ, ಅವಳಿಗೇ ತಿಳಿಯದು. ಪ್ರೊಸೆಸರನ್ನು ಅದರ ಗೂಡಿನಲ್ಲಿಟ್ಟು ಸಣ್ಣ ಸರಳನ್ನು ಒತ್ತಿದಾಗ ಕಟಕ್ಕೆಂದಿತು. ಅವಳು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ರ‍್ಯಾಮ್ ಕೂರಿಸಿದಳು. ಒಂದೊಂದು ವೈರಿಗೂ ಬೆರಳು ನಡುಗುತ್ತಿತ್ತು.

ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಬಟನ್ ಒಂದು ಬಾಕಿ.

ಮೂರು ದಿನ ಅದು ಬಾಕಿಯೇ ಉಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒತ್ತಿದಳು.

ಏನೂ ಆಗಲಿಲ್ಲ. ಸದ್ದಿಲ್ಲ, ದೀಪವಿಲ್ಲ. ಆ ಮೌನ ಅವಳನ್ನು ಇನ್ನಷ್ಟು ಹೆದರಿಸಿತು. ಒಳಗೊಳಗೇ ಏನೋ ಕಾಯುತ್ತಿದೆಯೇ? ಪ್ಲಗ್ ಕಿತ್ತು ಗೋಡೆಗೆ ಒರಗಿ ಕುಸಿದಳು.

ಅಡುಗೆಮನೆಯಿಂದ ಓಡಿಬಂದ ಅತ್ತಿಗೆ ಅವಳ ತಲೆ ಸವರಿದಳು. "ನಿನ್ನ ಕೈಲಿ ಆಗಲ್ಲ ಅಂತ ಅಲ್ಲ ಕಣೇ. ಒಬ್ಬಳೇ ಯಾಕೆ ಒದ್ದಾಡ್ತೀಯಾ? ಬಿಲ್ಲಲ್ಲಿ ಅಂಗಡಿ ನಂಬರ್ ಇದೆ, ಆ ರಿಪೇರಿಯವರಿಗೆ ಫೋನ್ ಮಾಡ್ತೀನಿ."

"ಬೇಡ ಅತ್ತಿಗೆ, ಅವರು ಬರಲ್ಲ."

ಬಂದ. ಅರ್ಧ ಗಂಟೆಯಲ್ಲೇ ಬಂದ. ಆದರೆ ಹೊಸ್ತಿಲು ದಾಟಲಿಲ್ಲ.

"ಒಳಗೆ ಬರೋಕೆ ಮುಂಚೆ ಒಂದು ವಿಷಯ ಹೇಳಬೇಕು. ಕೇಳಿದ ಮೇಲೆ ಹೋಗು ಅಂದ್ರೆ ಹೋಗ್ತೀನಿ."

ಅವನು ಚಪ್ಪಲಿಯನ್ನೂ ಬಿಚ್ಚದೆ ನಿಂತಿದ್ದ.

"ನಿಮ್ಮ ಆಫೀಸಿನ ಆ ಕಂಪ್ಯೂಟರ್ ಜೋಡಿಸಿದ್ದು ನಾನು. ಆಗ ಬೇರೆ ಅಂಗಡೀಲಿದ್ದೆ. ಮಾಲೀಕರು ಕೊಟ್ಟ ಪವರ್ ಸಪ್ಲೈ ಸರಿಯಿಲ್ಲ ಅಂತ ನನಗೆ ಗೊತ್ತಿತ್ತು. ಬೇಡ ಅಂತ ಒಂದು ಸಲ ಹೇಳಿದೆ. ಸುಮ್ನೆ ಹಾಕು ಅಂದ್ರು. ಹಾಕಿದೆ. ಬೆಂಕಿ ಬಿತ್ತು ಅಂತ ಆಮೇಲೆ ಕೇಳಿ ಕೆಲಸ ಬಿಟ್ಟೆ. ಯಾರಿಗೋ ಗಾಯ ಆಯ್ತು ಅಂತ ಗೊತ್ತಾಯ್ತು. ಯಾರು ಅಂತ ವಿಚಾರಿಸೋ ಧೈರ್ಯ ಬರಲಿಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಿವಿಯೊಳಗೆ ಆ ಢಬ್ ಮತ್ತೆ ಕೇಳಿಸಿತು. ಕೂಗಬೇಕೆನಿಸಿತು, ಹೊರಗೆ ನೂಕಬೇಕೆನಿಸಿತು.

"ಅವತ್ತು ಎದ್ದು ಹೋಗಿದ್ದು... ನನ್ನ ಕೈ ನೋಡಿ ಅಲ್ವಾ?"

"ಕೈ ನೋಡಿಯೇ. ಅದನ್ನ ಮಾಡಿದ್ದು ನಾನು ಅಂತ ಗೊತ್ತಾಗಿ."

"ಹಾಗಾದ್ರೆ... ನಾನು ಏನೂ ಎಳೆದಿರಲಿಲ್ವಾ?"

"ಇಲ್ಲ. ನೀವು ಏನೂ ಮಾಡಿರಲಿಲ್ಲ."

ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅಲುಗಿತು. ಕಣ್ಣೀರು ತಾನಾಗಿ ಇಳಿಯಿತು. ಅವನು ಕೈ ಚಾಚಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದ.

ಕಣ್ಣೊರೆಸಿಕೊಂಡು ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ. ಆದರೆ ಕಂಪ್ಯೂಟರ್ ಮುಟ್ಟಬೇಡಿ. ನಾನೇ ನೋಡ್ತೀನಿ. ನೀವು ಪಕ್ಕದಲ್ಲಿ ನಿಂತಿರಿ, ಅಷ್ಟೇ."

ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಒಂದೊಂದೇ ವೈರನ್ನು ಬೆರಳಿನಿಂದ ಹಿಂಬಾಲಿಸಿದಳು. ಅವನಿಗೆ ತಪ್ಪು ಕಂಡಿತ್ತೇನೋ, ಬಾಯಿ ಬಿಡಲಿಲ್ಲ. ಬಟನ್ನಿನಿಂದ ಬರುವ ಸಣ್ಣ ವೈರು ತನ್ನ ಪಿನ್ ಬಿಟ್ಟು ಪಕ್ಕದ ಪಿನ್ನಿನ ಮೇಲೆ ಕೂತಿತ್ತು. ನಡುಗುವ ಕೈಯ ಕೆಲಸ. ಅವಳೇ ಕಿತ್ತು ಸರಿಯಾಗಿ ಕೂರಿಸಿದಳು. ಪ್ಲಗ್ ಹಾಕಿದಳು.

"ನನಗೆ ಭಯ ಆಗ್ತಿದೆ," ಎಂದಳು.

"ನನಗೂ. ಆ ಬೆಂಕಿ ವಿಷಯ ಕೇಳಿದ ಮೇಲೆ ಯಾವ ಕಂಪ್ಯೂಟರೂ ಹೆದರದೆ ಆನ್ ಮಾಡಿಲ್ಲ ನಾನು."

ಅವಳು ಒತ್ತಿದಳು. ಫ್ಯಾನು ತಿರುಗಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಐದು ನಿಮಿಷ, ಹತ್ತು ನಿಮಿಷ... ಹೊಗೆಯಿಲ್ಲ, ವಾಸನೆಯಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದರು.

ಅವನು ಹೊರಟ. ಬಾಗಿಲಲ್ಲಿ ನಿಂತು ತಡವರಿಸಿದ.

"ನಾಳೆ ಬರಲಾ?"

"ಕ್ಷಮಿಸಿದ್ದೀನಾ ಅಂತ ನನಗೇ ಇನ್ನೂ ಗೊತ್ತಿಲ್ಲ."

"ಅದನ್ನ ಕೇಳ್ತಿಲ್ಲ. ಕೇಳೋ ಯೋಗ್ಯತೇನೂ ಇಲ್ಲ. ಆ ಸ್ಟೂಲ್ ಮೇಲೆ ನೀವು ಕೂತಿದ್ದ ನಾಲ್ಕು ದಿನ... ಮತ್ತೆ ನಿಮ್ಮನ್ನ ನೋಡದೇ ಇರೋದು ನನ್ನ ಕೈಲಿ ಆಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಹೇಳದೇ ಹೋದ್ರೆ ಅದೂ ಇನ್ನೊಂದು ಸುಳ್ಳಾಗುತ್ತೆ."

ಅವಳು ಅವನನ್ನೇ ನೋಡಿದಳು. ಹೆದರಿದ ಮುಖ. ಹೆದರಿಕೊಂಡೇ ಎದುರಿಗೆ ಬಂದು ನಿಜ ಹೇಳಿದ ಮುಖ.

"ನಾಳೆ ಯಾಕೆ ಬರಬೇಕು? ಕಂಪ್ಯೂಟರ್ ಕೆಟ್ಟಿಲ್ಲವಲ್ಲ."

"ಕೆಟ್ಟಿಲ್ಲ ಅಂತಲೇ ಕೇಳ್ತಿರೋದು. ಕೆಲಸ ಇಲ್ಲದೆ ಬರಬಹುದಾ ಅಂತ."

"ಬನ್ನಿ," ಎಂದಳು ಅವಳು, ತುಂಬಾ ಮೆಲ್ಲಗೆ. "ಭಯ ಆದ್ರೂ ಬನ್ನಿ."