ಮಸರಕಲ್ ಹೊಲದ ಮೇಲೊಂದು ವಿಮಾನ

ಆ ಸಂಜೆ ನಮ್ಮ ಮನೆಗೆ ಬಂದವರು ನನ್ನನ್ನು ನೋಡಲು ಬಂದವರಲ್ಲ. ಅದು ನಮಗೆ ತಿಳಿಯುವಷ್ಟರಲ್ಲಿ ಅವರು ಒಂದು ತಟ್ಟೆ ಉಪ್ಪಿಟ್ಟು ತಿಂದು, ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿಡಬೇಕೆಂದು ಹುಡುಕುತ್ತಿದ್ದರು.

ಎಂಬತ್ತನಾಲ್ಕನೆಯ ಇಸವಿ. ರಾಯಚೂರಿನ ಮಾಳಿಗೆಗಳ ಮೇಲೆ ಆಗತಾನೆ ಟಿವಿ ಆಂಟೆನಾಗಳು ತಲೆಯೆತ್ತುತ್ತಿದ್ದವು. ನನ್ನ ಅಪ್ಪ ಮೌನಪ್ಪ ಪ್ರೈಮರಿ ಶಾಲೆಯ ಹೆಡ್‌ಮಾಸ್ತರರು. ಹೆಸರು ಹಾಗಿದ್ದರೂ ಮಾತಿಗೆ ನಿಂತರೆ ಎದುರಿನವರ ಬಸ್ಸು ತಪ್ಪುವುದು ಖಂಡಿತ. ಅಂದು ಮಾನ್ವಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹೀಗಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತರುಣನೊಬ್ಬ ಬಾಗಿಲಲ್ಲಿ ನಿಂತು, "ಹೆಡ್‌ಮಾಸ್ತರ ಮನಿ ಇದ ಏನ್ರಿ?" ಎಂದದ್ದೇ ತಡ, ಅಪ್ಪ ಕೈಹಿಡಿದು ಒಳಗೆ ಕರೆದುಕೊಂಡರು.

"ಬರ್ರಿ, ಬರ್ರಿ. ಒಬ್ಬರ ಬಂದೀರಿ? ಹಿರಿಯರು ಬರಲಿಲ್ಲೇನು?"

"ಹಿರಿಯರು ಊರಾಗ ಅದಾರ್ರಿ. ನಾನ ಒಮ್ಮಿ ನೋಡಿ ಹೋಗೋಣಂತ..."

"ಭಾಳ ಚಲೋ ಆತು. ಈಗಿನ ಕಾಲದಾಗ ಹಿಂಗ ಇರಬೇಕು. ಲೇ ಶೇಖಮ್ಮ, ಉಪ್ಪಿಟ್ಟು ತಾ!"

ಅವ್ವ ನನ್ನ ಸೆರಗು ಸರಿಮಾಡಿ, ಕೈಗೆ ಚಹಾದ ತಟ್ಟೆ ಕೊಟ್ಟು ಹೊರಗೆ ತಳ್ಳಿದಳು. ನಾನು ತಲೆ ತಗ್ಗಿಸಿ ಹೋದೆ. ಕಪ್ಪು ಕೊಡುವಾಗ ಒಂದು ಗಳಿಗೆ ಕಣ್ಣೆತ್ತಿ ನೋಡಿದೆ. ಚೆಂದದ ಕಣ್ಣುಗಳು. ಆದರೆ ಅವು ನನ್ನ ಭುಜವನ್ನು ದಾಟಿ, ಮೂಲೆಯಲ್ಲಿದ್ದ ಹೊಸ ಟಿವಿಯ ಖಾಲಿ ಡಬ್ಬಿಯ ಮೇಲೆ ನೆಟ್ಟಿದ್ದವು. ದೇವರ ಮುಂದೆ ನಿಂತವರ ಮುಖದಲ್ಲಿ ಇರುತ್ತದಲ್ಲ, ಅಂಥ ಭಕ್ತಿ!

"ನಮ್ಮ ಸೂಗಮ್ಮ ಬಿ.ಎಸ್ಸಿ. ಮುಗಿಸ್ಯಾಳ್ರಿ," ಎಂದರು ಅಪ್ಪ. "ಹೊಲಿಗಿ ಬರ್ತದ. ಕಾಲೇಜಿನ್ಯಾಗ ಸ್ಟೇಜಿನ ಅಲಂಕಾರ ಎಲ್ಲಾ ಈಕೀದ."

"ಹೌದೇನ್ರಿ? ಮಾಸ್ತರ್ರ, ಮತ್ತ ಅದು... ನಿಮಗ ಬೇಕಾಗಿಲ್ಲಂದ್ರ ನನಗ ಕೊಡ್ತೀರೇನ್ರಿ?"

ಅಪ್ಪನ ಮುಖ ಬಿಳಿಚಿತು. "ಬೇಕಾಗಿಲ್ಲಂದ್ರ? ಏನು ಮಾತ್ರಿ ಇದು!"

"ಡಬ್ಬ್ಯಾಗಿನ ಥರ್ಮಾಕೋಲ್ರಿ. ಟಿವಿ ಮಾರಿದ ಜಹೀರುದ್ದೀನ್ ನನ್ನ ದೋಸ್ತ. ಅಂವನ ಕಳಿಸ್ಯಾನ. ವಿಮಾನ ಮಾಡಾಕ ಬೇಕಿತ್ರಿ."

ಮೊದಲು ನಕ್ಕವಳು ನನ್ನ ಅಜ್ಜಿ ಜಂಬಮ್ಮ. ಆಮೇಲೆ ಅಪ್ಪ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ. ನಾನು ನಗಲಿಲ್ಲ. ಥರ್ಮಾಕೋಲಿನ ಎದುರು ಸೋತ ಹುಡುಗಿ ಹೇಗೆ ನಗಬೇಕು? ಬಂದವರಿಗೆ ಎಲ್ಲ ಅರ್ಥವಾಗಿ ಕಿವಿ ಕೆಂಪಾದವು. "ತಪ್ಪಾತ್ರಿ, ತಪ್ಪಾತ್ರಿ" ಎನ್ನುತ್ತ ಎದ್ದು, ತಾವು ತಿಂದ ತಟ್ಟೆಯನ್ನು ತಾವೇ ಒಯ್ದು ಬಚ್ಚಲಲ್ಲಿ ಇಟ್ಟರು. ನಮ್ಮ ಮನೆಯಲ್ಲಿ ಗಂಡಸರು ತಟ್ಟೆ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾನ್ವಿಯವರ ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಅವರು ತಡವಾಗಿ ಬಂದು, ಉಳಿದ ಉಪ್ಪಿಟ್ಟು ತಿಂದು, ನನ್ನನ್ನು ಸರಿಯಾಗಿ ನೋಡಿ ಒಪ್ಪಿದರು. ಹುಡುಗನಿಗೆ ಬಟ್ಟೆ ಅಂಗಡಿ. ಅವನಲ್ಲಿ ಹೆಸರಿಡುವಂಥ ದೋಷವೇನೂ ಇರಲಿಲ್ಲ. ಯುಗಾದಿಯ ದಿನ ಮಾತು ಕೊಡುತ್ತೇನೆಂದು ಅಪ್ಪ ಹೇಳಿ ಕಳಿಸಿದರು. "ನಿನಗೂ ಒಪ್ಪಿಗಿ ಇರಬೇಕವ್ವಾ," ಎಂದು ನನಗೂ ಹೇಳಿದರು. ನನಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ. ಬೇಕು ಎನ್ನಲೂ ಸಿಗಲಿಲ್ಲ.

ಆ ಬಿಳಿ ಅಂಗಿಯವರ ಹೆಸರು ಅಯ್ಯಣ್ಣ. ದೇವದುರ್ಗ ತಾಲೂಕಿನ ಮಸರಕಲ್‌ನವರು. ರಾಯಚೂರಿನ ಕಾಲೇಜಿನಲ್ಲಿ ಫಿಜಿಕ್ಸ್ ಲೆಕ್ಚರರ್. ಜಹೀರುದ್ದೀನನ ಅಣ್ಣ ಜಿದ್ದಾದಿಂದ ಒಂದು ಪುಟ್ಟ ಎಂಜಿನ್, ಅದರ ಜೊತೆಗೆ ರೇಡಿಯೋದಿಂದ ನಡೆಸುವ ಕಂಟ್ರೋಲ್ ಡಬ್ಬಿ ತಂದಿದ್ದನಂತೆ. ವಿಮಾನವನ್ನು ಮಾತ್ರ ತಾವೇ ಮಾಡಿಕೊಳ್ಳಬೇಕು. ಇದು ಕಿವಿಗೆ ಬಿದ್ದದ್ದೇ ಅಪ್ಪನಿಗೆ ಸಾಕಾಯಿತು.

"ನಿಮ್ಮ ರೂಮಿನ್ಯಾಗ ಕಾಲು ಚಾಚಾಕ ಜಾಗ ಇಲ್ಲಂತ. ನಮ್ಮ ಮಾಳಿಗಿ ಮ್ಯಾಲ ಮಾಡ್ರಿ ಸರ. ನಾನೂ ನೋಡ್ತೀನಿ, ಸಾಲಿ ಹುಡುಗರಿಗೂ ತೋರಸೋಣು."

ಹೀಗೆ ರವಿವಾರಗಳು ನಮ್ಮ ಮಾಳಿಗೆಗೆ ಬಂದವು. ಅಜ್ಜಿ ನೆರಳಲ್ಲಿ ಕುಳಿತು ಶೇಂಗಾ ಒಡೆಯುವಳು. ಅಪ್ಪ ಸಲಹೆ ಕೊಡುವರು. ಅಯ್ಯಣ್ಣ ಸರ್ ಬ್ಲೇಡಿನಿಂದ ಥರ್ಮಾಕೋಲ್ ಕೊಯ್ಯುವರು. ಕೊಯ್ದದ್ದೆಲ್ಲ ಇಲಿ ಕಡಿದಂತೆ ಕಾಣುತ್ತಿತ್ತು. ಎರಡನೆಯ ವಾರ ನನ್ನಿಂದ ತಡೆಯಲಾಗಲಿಲ್ಲ.

"ಸರ, ಹಂಗಲ್ರಿ. ಹೀಟರ್ ತಂತಿ ಕಾಯಿಸಿ ಕೊಯ್ದ್ರ ಬೆಣ್ಣಿ ಕೊಯ್ದಂಗ ಬರ್ತದ. ಕಾಲೇಜಿನ್ಯಾಗ ಸ್ಟೇಜಿನ ಅಕ್ಷರ ಎಲ್ಲಾ ಹಂಗ ಮಾಡ್ತಿದ್ವಿ."

"ಹೌದೇನ್ರಿ? ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಡಬ್ಬಿ ಬಿಟ್ಟು ಮತ್ತೊಂದು ಕಡಿ ನೋಡಿದ್ರಲ್ಲ ಹೇಳೋದು?"

ಅವರ ಕಿವಿ ಮತ್ತೆ ಕೆಂಪಾದವು. ಆ ಕಿವಿಗಳು ನನಗೆ ಅಂದೇ ಇಷ್ಟವಾದವೆಂದು ತೋರುತ್ತದೆ.

ಬಿದಿರಿನ ಬಿಲ್ಲಿಗೆ ತಂತಿ ಬಿಗಿದು, ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ರೆಕ್ಕೆ ಕೊಯ್ದೆವು. ಇಬ್ಬರ ಕೈಯೂ ಒಂದೇ ವೇಗದಲ್ಲಿ ಸರಿಯಬೇಕು. ಒಬ್ಬರು ಅವಸರ ಮಾಡಿದರೆ ರೆಕ್ಕೆ ಸೊಟ್ಟ. ಮರುವಾರ ನೋಡಿದರೆ ನಾನು ಹಿಡಿಯುವ ತುದಿಗೆ ಮಾತ್ರ ಮೆತ್ತನೆಯ ಬಟ್ಟೆ ಸುತ್ತಿತ್ತು. ನಾನು ಆ ತುದಿಯನ್ನೇ ಹಿಡಿದೆ.

ಥರ್ಮಾಕೋಲಿನ ಬಿಳಿ ಕಾಳುಗಳು ಗಾಳಿಗೆ ಹಾರಿ ಎಲ್ಲರಿಗೂ ಅಂಟಿಕೊಳ್ಳುತ್ತಿದ್ದವು. ಒಂದು ಸಲ ಅವರು ನನ್ನನ್ನೇ ನೋಡುತ್ತ, ತಮ್ಮ ತಲೆ ಮುಟ್ಟಿಕೊಂಡು ಏನೋ ಸನ್ನೆ ಮಾಡಿದರು. ನನ್ನ ಜಡೆಯಲ್ಲಿ ಕಾಳು ಸಿಕ್ಕಿದ್ದವಂತೆ. ನಾನು ಎಡಕ್ಕೆ ತಡವಿದರೆ ಅವು ಬಲಕ್ಕೆ. ಅವರ ಕೈ ಅರ್ಧ ದಾರಿಗೆ ಬಂದು ಹಿಂದೆ ಹೋಯಿತು.

"ತಗಿ ಅಲ್ಲೋ ತಮ್ಮಾ," ಎಂದಳು ಅಜ್ಜಿ. "ನಿನಗ ಕೈ ಇಲ್ಲೇನು? ನಾ ಆಚಿ ಕಡಿ ನೋಡ್ತೀನಿ."

ಅವರು ಒಂದೊಂದೇ ಕಾಳನ್ನು ಹೂವು ಬಿಡಿಸಿದಂತೆ ತೆಗೆದರು. ಅಜ್ಜಿ ಆಚೆ ಕಡೆ ನೋಡಲಿಲ್ಲವೆಂಬುದು ಬೇರೆ ಮಾತು.

ಎಂಜಿನ್ನಿಗೆ ಹಾಕುವ ಸ್ಪಿರಿಟ್ಟಿಗೆ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಬೆರೆಸಬೇಕಂತೆ. "ಒಂದು ಬಾಟ್ಲಿ ಔಡಲೆಣ್ಣಿ ಸಿಗ್ತದೇನ್ರಿ?" ಎಂದು ಅವರು ನಾಚುತ್ತ ಕೇಳಿದಾಗ ಅವ್ವ ಕಾರಣ ಕೇಳಲೇ ಇಲ್ಲ. ಬಾಟಲಿಯ ಜೊತೆ ಬುತ್ತಿಯಲ್ಲಿ ಮೆತ್ತಗಿನ ಮೊಸರನ್ನವನ್ನೂ ಕಳಿಸಿದಳು. ನನ್ನನ್ನು ಅಡುಗೆಮನೆಗೆ ಕರೆದು, "ಪಾಪ, ಪರ ಊರಾಗ ಇರೋ ಹುಡುಗ. ಹೋಟೆಲ್ ಊಟ. ಹೊಟ್ಟಿ ಕಟ್ಟಿರಬೇಕು. ಮಂದಿ ಮುಂದ ಕೇಳಬ್ಯಾಡ," ಎಂದಳು. ನಾನು ಮಾಳಿಗೆಗೆ ಹೋಗಿ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೂ ಕೆಳಗಿಳಿದು ಅವ್ವನಿಗೆ, "ಈಗ ಆರಾಮ ಅದ್ರೀ ಅಮ್ಮಾ," ಎಂದು ಹೇಳಿಯೇ ಹೋದರು.

ಕಂದು ಕಾಗದ, ಮೈದಾ ಅಂಟು ಹಚ್ಚಿ ಒಣಗಿಸಿದ ಮೇಲೆ ವಿಮಾನ ವಿಮಾನದಂತೆಯೇ ಕಂಡಿತು. ಗಿಲ್ಲೆಸುಗೂರು ರಸ್ತೆಯ ಕಡೆ ಒಂದು ಬಯಲಿನಲ್ಲಿ ಹಾರಿಸುವುದೆಂದಾಯಿತು. ಹೊರಡುವ ಮುನ್ನ ಜಹೀರುದ್ದೀನ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕಾರ, ಒಂದು ಮಾತು. ಈ ಭಾಯ್ ನಿಮ್ಮನ್ನ ಏನೋ ಕೇಳಬೇಕಂತ ಅದಾನ. ವಿಮಾನ ಹಾರಿದ್ರ ಕೇಳ್ತೀನಿ, ಹಾರಲಿಲ್ಲಂದ್ರ ಯಾವ ಮಾರಿ ಇಟ್ಕೊಂಡು ಕೇಳಲಿ ಅಂತಾನ. ನಾನಂತೂ ಹೇಳಿ ಹೇಳಿ ಸಾಕಾದೆ."

ನನ್ನ ಎದೆಯೊಳಗೇ ಎಂಜಿನ್ ಶುರುವಾದಂತಾಯಿತು. ಯುಗಾದಿಗೆ ಬಹಳ ದಿನಗಳಿರಲಿಲ್ಲ.

ಹೊಸ ಗಾಡಿ ಎಂದ ಮೇಲೆ ಪೂಜೆ ಇಲ್ಲದೆ ಹೊರಟೀತೇ? ಅಜ್ಜಿ ಬಯಲಿನಲ್ಲೇ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ದೊಡ್ಡದೊಂದು ನಿಂಬೆಹಣ್ಣು ಮೆಣಸಿನಕಾಯಿಯನ್ನು ಬಾಲಕ್ಕೆ ಕಟ್ಟಿದಳು. "ಕಣ್ಣು ಹಿಂದಿನಿಂದ ಬೀಳ್ತಾವ," ಎಂದಳು. ಅಯ್ಯಣ್ಣ ಸರ್ ಆ ನಿಂಬೆಹಣ್ಣನ್ನೂ ಅಜ್ಜಿಯನ್ನೂ ನೋಡಿದರು. ಬಾಯಿ ತೆರೆದರು. ಮುಚ್ಚಿಕೊಂಡರು.

ಜಹೀರುದ್ದೀನ್ ಓಡಿ ಎಸೆದ. ವಿಮಾನ ಬಾಲ ಜಗ್ಗಿ, ಮೂಗು ಮೇಲೆತ್ತಿ, ಆಕಾಶಕ್ಕೆ ಕೈಮುಗಿದಂತೆ ಒಂದು ಕ್ಷಣ ನಿಂತು ದೊಪ್ಪೆಂದು ಬಿತ್ತು. ರೆಕ್ಕೆ ಎರಡು ತುಂಡಾಯಿತು.

ತುಂಡುಗಳನ್ನು ಆರಿಸುವಾಗ ಕೇಳಿದೆ, "ಬಾಲ ಭಾರ ಆಗ್ತದಂತ ಗೊತ್ತಿತ್ತಲ್ಲ ಸರ ನಿಮಗ?"

"ಗೊತ್ತಿತ್ರಿ."

"ಮತ್ತ?"

"ಗಂಟು ಹಾಕುವಾಗ ಅಜ್ಜಿ ಕೈ ನಡುಗಾಕತ್ತಿದ್ವು. ಅಷ್ಟು ಕಷ್ಟಪಟ್ಟು ಕಟ್ಟ್ಯಾರ. ಬಿಚ್ಚರಿ ಅಂತ ಹ್ಯಾಂಗ ಹೇಳಲಿ?" ಎಂದು ಮಣ್ಣು ಹತ್ತಿದ ರೆಕ್ಕೆಯನ್ನು ಅಂಗಿಯಿಂದ ಒರೆಸಿದರು. "ರೆಕ್ಕಿ ಮತ್ತ ಮಾಡಬಹುದ್ರಿ."

ಮಾನ್ವಿಯ ಸಂಬಂಧ ಬೇಡವೆನ್ನಲು ಕಾರಣ ಹುಡುಕುತ್ತಿದ್ದೆನಲ್ಲ, ಅದು ಆ ಬಯಲಿನಲ್ಲಿ ಮೊಣಕಾಲೂರಿ ಕುಳಿತಿತ್ತು. ಆದರೆ ಅವರು ಜಹೀರುದ್ದೀನನಿಗೆ ಹೇಳಿದ್ದಂತೆಯೇ ಬಾಯಿ ಬಿಡಲಿಲ್ಲ. ಮನೆಯವರೆಗೂ ಅಪ್ಪನ ಸಲಹೆಗಳಿಗೆ "ಹೌದ್ರಿ, ಹೌದ್ರಿ" ಎನ್ನುತ್ತ ಬಂದು, ನಮಸ್ಕಾರ ಮಾಡಿ ಹೋದರು.

ಹೊಸ ರೆಕ್ಕೆ ಕೊಯ್ದೆವು. ಮನೆಯಲ್ಲಿ ಅವ್ವ ಸೀರೆಗಳ ಮಾತು ತೆಗೆದಿದ್ದಳು. ಅಮಾವಾಸ್ಯೆಯ ದಿನ, ನಾಳೆ ಯುಗಾದಿ ಎನ್ನುವಾಗ, ಕಡೆಯ ಸಲ ಹಾರಿಸಿ ನೋಡೋಣವೆಂದು ಎಲ್ಲರೂ ಬಸ್ಸು ಹತ್ತಿ ಮಸರಕಲ್‌ಗೆ ಹೋದೆವು. ಅಯ್ಯಣ್ಣ ಸರ್ ಅವರ ಅಣ್ಣನ ಹೊಲ; ಜೋಳ ಕೊಯ್ದು ಬಯಲಾಗಿತ್ತು.

ಅಜ್ಜಿ ಈ ಸಲವೂ ನಿಂಬೆಹಣ್ಣು ತಂದಿದ್ದಳು. "ಅಜ್ಜೀ, ಕಣ್ಣು ಎದುರಿನಿಂದನೂ ಬೀಳ್ತಾವ. ಈ ಸಲ ಮೂಗಿಗೆ ಕಟ್ಟು," ಎಂದೆ. ರಿಪೇರಿಯ ಅಂಟಿನಿಂದ ಬಾಲ ಭಾರವಾಗಿತ್ತು. ಮುಂದೆ ಸ್ವಲ್ಪ ತೂಕ ಬೇಕಿತ್ತು. ಅಯ್ಯಣ್ಣ ಸರ್ ಮೂಗಿನ ಕೆಳಗೆ ಗೂಡು ಕೊರೆದು ಅಜ್ಜಿಯ ಕೈಯಿಂದಲೇ ಹಣ್ಣನ್ನು ಇಡಿಸಿದರು. ಬೆರಳ ಮೇಲೆ ಎತ್ತಿ ನೋಡಿದರೆ ವಿಮಾನ ತಕ್ಕಡಿಯಂತೆ ಸಮ ನಿಂತಿತು. ಅವರು ನನ್ನತ್ತ ನೋಡಿ ನಕ್ಕರು. ಆ ನಗು ಎಷ್ಟು ಹೊತ್ತು ಇತ್ತೆಂದರೆ ಜಹೀರುದ್ದೀನ್ ಕೆಮ್ಮಬೇಕಾಯಿತು.

ಎಂಜಿನ್ ಕಿರುಚಿತು. ಜಹೀರುದ್ದೀನ್ ಎಸೆದ. ವಿಮಾನ ಒಮ್ಮೆ ತೂಗಾಡಿ, ಜೋಳದ ಕೂಳೆಗಳ ಮೇಲೆಯೇ ಸರಿದು, ಎದ್ದಿತು. ಎದ್ದೇ ಹೋಯಿತು! ಹೊಲದಂಚಿನ ಬಂದಾರಿ ಗಿಡಗಳನ್ನು ದಾಟಿ ತಿರುಗಿ ನಮ್ಮ ತಲೆಯ ಮೇಲೆ ಬಂದಾಗ ಔಡಲೆಣ್ಣೆಯ ವಾಸನೆ ಹೊಲದ ತುಂಬ. ಬದುವಿನ ಮೇಲೆ ಅಪ್ಪ ಟೊಪ್ಪಿಗೆ ಒತ್ತಿ ಹಿಡಿದು ಶಾಲೆಯ ಹುಡುಗನಂತೆ ಕುಣಿಯುತ್ತಿದ್ದರು.

ಹೊಲದ ನಡುವೆ ಕಂಟ್ರೋಲ್ ಡಬ್ಬಿ ಹಿಡಿದು ಅವರು ನಿಂತಿದ್ದರು. ನಾನು ಓಡಿ ಹೋಗಿ ಪಕ್ಕದಲ್ಲಿ ನಿಂತೆ. ಈಗ ಕೇಳುತ್ತಾರೆ ಎಂದು ಕಾದೆ. ಅವರು ಆಕಾಶವನ್ನೇ ನೋಡುತ್ತಿದ್ದರು.

"ಸರ, ಹಾರ್ತಲ್ಲ!"

"ಆಂ?" ಎಂಜಿನ್ನಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ.

"ಹಾರ್ತು ಅಂದೆ! ಏನೋ ಕೇಳಬೇಕಂತಿದ್ರಂತ!"

"ಈಗ ಕಣ್ಣು ತಗದ್ರ ಬೀಳ್ತದ್ರಿ!"

"ನನ್ನ ನೋಡಬ್ಯಾಡ್ರಿ! ಅದನ್ನ ನೋಡಿಕೋತ ಹೇಳ್ರಿ!" ನಾನೂ ಕೂಗಿದೆ. "ನಾಳಿ ಅಪ್ಪ ಮಾನ್ವಿಯವರಿಗೆ ಹೂಂ ಅಂತಾರ! ನನಗ ಆ ಅಂಗಡಿ ಬ್ಯಾಡ! ನನಗ ಬೇಕಾದವರು ಬಾಯಿನ ಬಿಡವಲ್ರು!"

ಮೇಲೆ ವಿಮಾನ ಒಮ್ಮೆ ಓಲಾಡಿತು. ಮುಖ ನೋಡಿ ಮಾತಾಡಲಾರದ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕೀತೇ? ವಿಮಾನ ನಮ್ಮ ತಲೆಯ ಮೇಲೆ ಗುಡುಗುತ್ತ ಬಂತು. ಅವರು ಕತ್ತೆತ್ತಿ ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದರು. ಸರಿಯಾಗಿ ಆಗಲೇ ಎಣ್ಣೆ ತೀರಿ ಎಂಜಿನ್ ನಿಂತುಹೋಯಿತು.

"ಸೂಗಮ್ಮಾ, ನೀವಂದ್ರ ನನಗ ಜೀವರೀ! ಮಾನ್ವಿಗಿ ಹೋಗಬ್ಯಾಡ್ರಿ! ನನ್ನ ಮದಿವಿ ಆಗ್ರಿ!"

ಮಾತು ಹೊಲಕ್ಕೆಲ್ಲ ಕೇಳಿಸಿತು. ಬದುವಿನ ಮೇಲೆ ಅಪ್ಪ ಕುಣಿಯುವುದನ್ನು ನಿಲ್ಲಿಸಿ ಒಂಟಿ ಕಾಲಲ್ಲಿ ನಿಂತಿದ್ದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮೇಲೆ ಆ ಬಿಳಿ ರೆಕ್ಕೆ ಸದ್ದಿಲ್ಲದೆ ತೇಲುತ್ತಿತ್ತು.

ಅಪ್ಪ ಎತ್ತಿದ ಕಾಲು ಕೆಳಗಿಟ್ಟರು. "ಮೊದಲ ಅದನ್ನ ಇಳಸ್ರಿ ಸರ. ಆಮ್ಯಾಲ ಮಾತಾಡೋಣು."

ಅವರು ಇಳಿಸಿದರು. ಎಷ್ಟು ನಾಜೂಕಾಗಿ ಎಂದರೆ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ. ಇಳಿದ ಮೇಲೂ ತಿರುಗಲು ಧೈರ್ಯವಿಲ್ಲದೆ ಅದನ್ನೇ ನೋಡುತ್ತ ನಿಂತರು.

ಅಪ್ಪ ನನ್ನ ಹತ್ತಿರ ಬಂದರು. ಅಷ್ಟು ಮಾತಿನ ಮನುಷ್ಯ ಒಂದೇ ಮಾತು ಕೇಳಿದರು. "ನಿನ್ನ ಮಾತೇನವ್ವಾ?"

"ಹೂಂ, ಯಪ್ಪಾ," ಎಂದೆ. "ಮಾನ್ವಿಗಲ್ಲ. ಇವರಿಗೆ."

"ಮಾನ್ವಿಯವರಿಗೆ ನಾನ ಹೋಗಿ ಹೇಳಿ ಬರ್ತೀನಿ. ಮಂದಿ ಚಲೋ ಮಂದಿ. ಫೋನಿನ್ಯಾಗ ಹೇಳೋ ಮಾತಲ್ಲ," ಎಂದರು ಅಪ್ಪ ಮೆಲ್ಲಗೆ.

ಅಯ್ಯಣ್ಣ ಸರ್ ಆಗ ತಿರುಗಿದರು. ನನ್ನನ್ನು ನೋಡಿದರು. ನಾಚಿಕೆಗೆ ಅಲ್ಲಿ ನಿಲ್ಲಲಾಗದೆ ದಡಬಡಿಸಿ ಬಂದು ಅಪ್ಪನ ಕಾಲಿಗೆ ಬಾಗಿದರು. ಕೈಯಲ್ಲಿ ಕಂಟ್ರೋಲ್ ಡಬ್ಬಿ ಹಾಗೆಯೇ ಇತ್ತು. ಅದರ ಆಳೆತ್ತರದ ಆಂಟೆನಾ ಅಪ್ಪನ ಟೊಪ್ಪಿಗೆಯನ್ನು ಎಗರಿಸಿ ಜೋಳದ ಕೂಳೆಯೊಳಗೆ ಬೀಳಿಸಿತು.

ಅಲ್ಲಿಯತನಕ "ಸರ", "ಬರ್ರಿ", "ಹೋಗ್ರಿ" ಎನ್ನುತ್ತಿದ್ದ ಅಪ್ಪ ಬೋಳುತಲೆ ಸವರಿಕೊಂಡು ಅವರ ಬೆನ್ನ ಮೇಲೊಂದು ಗುದ್ದು ಹಾಕಿದರು.

"ಏಳೋ ಅಳಿಯಾ, ಟೊಪಗಿ ಹುಡುಕಿ ಕೊಡು!"